ತೊಲೆಗೂಡಿನ ಸುಣ್ಣ

ಹೊರಗೆ ಕೊಂಡಿ ಬಿದ್ದ ಸದ್ದು ಕೇಳಿದಾಗ ನಾನು ಏಣಿಯ ಮೇಲೆ ನಿಂತಿದ್ದೆ.

ಗಾಳಿಗೆ ಬಾಗಿಲು ಬಡಿದಿರಬೇಕು ಅಂದುಕೊಂಡೆ. ಅಷ್ಟರಲ್ಲಿ ಬೀಗ ಒತ್ತಿದ ಸದ್ದು ಬಂತು. ಗಾಳಿಗೆ ಬೀಗ ಹಾಕಲು ಬರುವುದಿಲ್ಲ.

"ಯಾರದು?" ಎಂದೆ.

ಕೆಳಗಿಳಿದು ಬಾಗಿಲು ದೂಡಿದೆ. ಹಳೆಯ ಸಾಗುವಾನಿ ಬಾಗಿಲು, ನಾಲ್ಕು ಬೆರಳು ದಪ್ಪ. ಹೆಗಲು ಕೊಟ್ಟೆ. ನೋವಾದದ್ದು ಹೆಗಲಿಗೆ ಮಾತ್ರ.

ಗಡಿಯಾರ ನೋಡಿದೆ. ಎರಡು ಐವತ್ತು. ನಾಲ್ಕು ಗಂಟೆಗೆ ಈ ಕೋಣೆಯನ್ನು ಕೆಡವಲು ಜೆಸಿಬಿ ಬರುವುದಿತ್ತು.

ಬರುವುದಕ್ಕೆ ಕಾರಣ ನಾನೇ. ಹೋದ ಗುರುವಾರ ಸಂಜೆ ಇಲ್ಲಿಯೇ ತೊಲೆ ಬಿದ್ದು ಹಂಪಣ್ಣ ಮಾಸ್ತರರು ತೀರಿಕೊಂಡರು. ಶುಕ್ರವಾರ ಬೆಳಿಗ್ಗೆ ನಾನು ಬಂದು ನೋಡಿ ವರದಿ ಬರೆದೆ: 'ಗೋಡೆ ಸರಿದಿದೆ, ಆದ್ದರಿಂದ ತೊಲೆ ಜಾರಿದೆ. ಕಟ್ಟಡ ಅಪಾಯಕಾರಿ, ಕೂಡಲೇ ತೆರವುಗೊಳಿಸಬೇಕು.' ಕೆಳಗೆ ಸಹಿ, ಶೈಲಶ್ರೀ, ಕಿರಿಯ ಎಂಜಿನಿಯರ್. ನನ್ನ ವರದಿ ನೋಡಿ ಪೊಲೀಸರು ಆಕಸ್ಮಿಕ ಸಾವು ಎಂದು ಬರೆದುಕೊಂಡರು.

ಇವತ್ತು ಮಂಗಳವಾರ. ನಾನು ಬಂದದ್ದು ಬಹಳ ಸಣ್ಣ ಕೆಲಸಕ್ಕೆ. ಗೋಡೆಯ ಮೇಲೆ ನಾನು ಅಂಟಿಸಿದ್ದ ಐದು ಗಾಜಿನ ಪಟ್ಟಿಗಳನ್ನು ಕಿತ್ತುಕೊಂಡು ಕಚೇರಿಗೆ ಒಪ್ಪಿಸುವುದು. ಯಾರೂ ಕೇಳಿರಲಿಲ್ಲ. ಕೆಡವಿದ ಮಣ್ಣಿನಲ್ಲಿ ಕಚೇರಿಯ ಸಾಮಾನು ಹೋಗಬಾರದು ಅಂತ ನನಗೇ ಅನಿಸಿತ್ತು.

ಗಾಜಿನ ಪಟ್ಟಿ ಅಂದರೆ ಬೆರಳುದ್ದದ ತೆಳು ಗಾಜು. ಬಿರುಕಿನ ಎರಡೂ ದಂಡೆಗೆ ಸೇರಿಸಿ, ಸುಣ್ಣವನ್ನೆಲ್ಲ ಕೆರೆದು ಬರಿಯ ಕಲ್ಲಿಗೆ ಅಂಟಿಸುತ್ತೇವೆ. ಗೋಡೆ ಕೂದಲೆಳೆಯಷ್ಟು ಸರಿದರೂ ಅದು ಮುರಿಯುತ್ತದೆ. ಶುಕ್ರವಾರ ಮೂರನೆಯ ಪಟ್ಟಿ ಮುರಿದಿತ್ತು. ಗೋಡೆ ಸರಿದಿದೆ ಅನ್ನಲು ನನ್ನ ಹತ್ತಿರ ಇದ್ದದ್ದು ಅದೊಂದೇ.

ಈಗ ಆ ಮೂರನೆಯ ಪಟ್ಟಿ ನನ್ನ ಅಂಗೈಯಲ್ಲಿತ್ತು. ಅದರ ಬೆನ್ನಿಗೆ ಸುಣ್ಣ ಹತ್ತಿತ್ತು. ಗೋಡೆಯ ಮೇಲಿದ್ದಾಗ ಗಾಜಿನ ಮೇಲೆ ನಾನು ಬರೆದ ತಾರೀಖು ಮತ್ತು ಸಹಿ ತಲೆಕೆಳಗಾಗಿದ್ದವು.

ಮೂರು ತಿಂಗಳ ಹಿಂದೆ ನಾನು ಕಲ್ಲಿಗೆ ಅಂಟಿಸಿದ ಗಾಜಿನ ಹಿಂದೆ ಹೊಸ ಸುಣ್ಣ ಹೇಗೆ ಬರುತ್ತದೆ?

"ಚಾದಾಗ ಬೆಲ್ಲ ಹಾಕಲ್ಯಾ, ಸಕ್ಕರಿ ಹಾಕಲ್ಯಾ, ಮೇಡಂರೀ?"

ಕಿಟಕಿಯ ಸರಳುಗಳ ಆಚೆ ತಿಮ್ಮವ್ವ ನಿಂತಿದ್ದಳು. ಮೂವತ್ತು ವರ್ಷದಿಂದ ಈ ಕೋಣೆಯ ಕಸ ಗುಡಿಸಿ, ನೆಲ ಸಾರಿಸುವವಳು. ಧೂಳಾಗುತ್ತದೆಂದು ನನ್ನ ಚೀಲ, ಫೋನು ಎರಡನ್ನೂ ಅವಳ ಕೈಗೇ ಕೊಟ್ಟು ಒಳಗೆ ಬಂದಿದ್ದೆ.

"ತಿಮ್ಮವ್ವ, ಬಾಗಿಲಾ ಯಾರು ಹಾಕಿದ್ರು?"

"ನಾನ ಹಾಕೀನ್ರಿ."

"ತೆಗಿ."

"ತೆಗಿಯಂಗಿಲ್ರಿ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅಂಗಡಿಯಲ್ಲಿ ಅಕ್ಕಿ ಇಲ್ಲ ಅನ್ನುವಂತೆ ಹೇಳಿದಳು. "ನೀವು ಒಳಗಿದ್ರ ಅವ್ರು ಕೆಡವಂಗಿಲ್ಲ. ಸರಕಾರದ ಮನಿಷ್ಯಾಳ ಮ್ಯಾಲೆ ಜೆಸಿಬಿ ಹಾಯಿಸೋ ಧೈರ್ಯ ಯಾರಿಗದ?"

"ನಾ ಕಾಯಂ ಇಲ್ಲ ಬೇ. ಗುತ್ತಿಗಿ ಮ್ಯಾಲಿದ್ದೀನಿ."

"ಗುತ್ತಿಗಿ ಆದ್ರೂ ಎಲುಬು ಅದಾವಲ್ರಿ."

ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಕೂಗಿದರೆ ಕೇಳುವವರೂ ಇರಲಿಲ್ಲ. ಕೆಡವುವಾಗ ಹುಡುಗರು ಹತ್ತಿರ ಬರಬಾರದೆಂದು ಕಾಲೇಜಿಗೆ ರಜೆ ಕೊಟ್ಟಿದ್ದರು. ಮಾನ್ವಿ ರಸ್ತೆಯಲ್ಲಿ ಕಲ್ಲೂರು ದಾಟಿದ ಮೇಲೆ ಸಿಗುವ ಈ ಕಾಲೇಜು ಈಗ ಇಪ್ಪತ್ತು ಎಕರೆ ಬೆಳೆದಿದೆ. ಅದರ ನಟ್ಟನಡುವೆ ನಿಜಾಮರ ಕಾಲದ ಈ ಒಂದೇ ಕೋಣೆಯ ಶಾಲೆ. ಕರಿಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಎರಡು ಕಿಟಕಿ. ಒಂದು ಕೈಗೆ ಸಿಗದಷ್ಟು ಮೇಲಿದೆ. ಇನ್ನೊಂದರಲ್ಲಿ ತಿಮ್ಮವ್ವ ನಿಂತಿದ್ದಳು.

ಇದು ಉಳಿಯಬೇಕೆಂದು, ಇಲ್ಲಿಯೇ ಪಾಠ ಹೇಳಿದ್ದ ಹಂಪಣ್ಣ ಮಾಸ್ತರರು ನಾಲ್ಕು ವರ್ಷ ಅರ್ಜಿ ಬರೆದಿದ್ದರು. ಇಲ್ಲಿ ಕಾರು ನಿಲ್ಲಿಸಲು ಜಾಗ ಆಗಬೇಕೆಂದು ಕಾಲೇಜಿನ ಕಾರ್ಯದರ್ಶಿ ಚನ್ನವೀರ ಅಷ್ಟೇ ವರ್ಷದಿಂದ ನಮ್ಮ ಕಚೇರಿಯ ಮೇಲಿನ ಸಾಹೇಬರ ಕೋಣೆಗೆ ಓಡಾಡುತ್ತಿದ್ದ. ಕೊನೆಗೆ ಅವನನ್ನು ಗೆಲ್ಲಿಸಿದ್ದು ನನ್ನ ಸಹಿ.

ನಾನು ಪಟ್ಟಿಯನ್ನು ಸರಳಿನ ಹತ್ತಿರ ಹಿಡಿದೆ.

"ಇದನ್ನ ಯಾರು ಕಿತ್ತಿ ಹಚ್ಚಿದ್ರು?"

ಅವಳು ಗಾಜು ನೋಡಲಿಲ್ಲ. ಸೆರಗಿನ ತುದಿ ಹಿಂಡಿದಳು.

"ಹೋದ ಮಂಗಳಾರ ಸುಣ್ಣಾ ಹೊಡದೆ ನೋಡ್ರಿ. ಹದಿನೇಳನೇ ತಾರೀಖಿಗಿ ವಿಮೋಚನಾ ದಿನದ ಧ್ವಜ ಏರಸ್ತಾರಲ್ಲ, ಅದಕ್ಕ ವರ್ಷಾ ಹೊಡಿತೀನಿ. ನಿಮ್ಮ ಗಾಜಿಗಿ ಸುಣ್ಣಾ ಹತ್ತಿದ್ರ ಹೊಲಸ ಕಾಣ್ತದ ಅಂತ ಐದೂ ಬಿಡಿಸಿ ಇಟ್ಟೆ. ಸುಣ್ಣಾ ಒಣಗಿದ ಮ್ಯಾಲೆ ತಿರುಗಿ ಹಚ್ಚಿದೆ."

"ಯಾತರಲೆ ಹಚ್ಚಿದಿ?"

"ಮೈದಾ ಅಂಟಿಲೆ."

ಐದೂ ಪಟ್ಟಿ. ಮೈದಾ ಹಿಟ್ಟಿನ ಅಂಟು. ಶುಕ್ರವಾರ ನಾನು ಕೈಯಿಂದ ಮುಟ್ಟಿ ನೋಡಿದ್ದರೆ ಸಾಕಿತ್ತು. ಮುಟ್ಟಿರಲಿಲ್ಲ.

"ಮೂರನೇದು ಮುರದದಲ್ಲ?"

ಸೆರಗು ಬಿಟ್ಟು ಸರಳು ಹಿಡಿದಳು.

"ನನ್ನ ಕೈಯಾಗ ಮುರೀತ್ರಿ. ಎರಡೂ ತುಂಡು ಸರಿಯಾಗಿ ಕೂಡಿಸಿ ಹಚ್ಚಿದೆ. ಗೊತ್ತಾಗಬಾರದು ಅಂತ. ನಿಮ್ಮ ಗಾಜು ಮುರದದ, ಅದಕ್ಕ ಸಾಲಿ ಕೆಡವ್ತಾರ ಅಂತ ಶನಿವಾರ ಕೇಳಿದೆ. ಅವತ್ತಿನಿಂದ ಅನ್ನಾ ಇಳಿವಲ್ದು."

"ಮೊದಲ ಯಾಕ ಹೇಳಲಿಲ್ಲ?"

"ಹೇಳಿದ್ರ ಮಾಸ್ತರ್‌ನ ನೀನ ಕೊಂದಿ ಅಂತಾರ ಜನ, ಅಂತ ಅಂಜಿದೆ. ನೀವು ಓದಿದೋರು. ನೀವರ ಯಾಕ ನೋಡಲಿಲ್ರಿ?"

ಸಂಜೆ ಕಾಲೇಜಿನಲ್ಲಿ ಡಿಪ್ಲೊಮಾ ಓದುವಾಗ ನಮ್ಮ ಮೇಷ್ಟ್ರು ಒಂದೇ ಮಾತು ಹೇಳುತ್ತಿದ್ದರು: ಗಾಜು ಮುರಿದಿದ್ದರೆ ಮೊದಲು ಗಾಜನ್ನು ಅನುಮಾನಿಸು, ಆಮೇಲೆ ಗೋಡೆಯನ್ನು. ಪರೀಕ್ಷೆಯಲ್ಲಿ ಅದನ್ನು ಸರಿಯಾಗಿ ಬರೆದು ಅಂಕ ತಗೊಂಡಿದ್ದೆ.

ಗೋಡೆ ಸರಿದಿರಲಿಲ್ಲ. ಹಾಗಾದರೆ ತೊಲೆ ಯಾಕೆ ಬಿತ್ತು?

ಮತ್ತೆ ಏಣಿ ಹತ್ತಿದೆ. ಬಾಗಿಲ ಕೊಂಡಿ ಬಿದ್ದಾಗ ನಾನು ನೋಡುತ್ತಿದ್ದದ್ದು ಅದನ್ನೇ. ಗೋಡೆಯಲ್ಲಿ ತೊಲೆಯ ತುದಿ ಕೂರಲೆಂದು ಬಿಟ್ಟ ಚೌಕದ ಗೂಡು. ಈಗ ಖಾಲಿ. ನೂರು ವರ್ಷದಷ್ಟು ಕಾಲ ಮರ ತುಂಬಿದ್ದ ಗೂಡು. ಒಳಗೆ ಕಪ್ಪು ಇರಬೇಕು, ಧೂಳು ಇರಬೇಕು, ಗೆದ್ದಲ ಮಣ್ಣಿರಬೇಕು.

ಬೆರಳು ಇಟ್ಟೆ. ಬೆಳ್ಳಗಾಯಿತು.

ಗೂಡಿನ ಒಳಗೋಡೆ, ತಳ, ಮೂಲೆ, ಎಲ್ಲ ಕಡೆ ಸುಣ್ಣ. ಕುಂಚದ ಎಳೆಗಳ ಗುರುತು ಕೂಡ ಇತ್ತು.

"ತಿಮ್ಮವ್ವ, ಈ ತೊಲಿ ಗೂಡಿನಾಗೂ ಸುಣ್ಣಾ ಹೊಡದಿಯೇನು?"

"ಹೊಡೀದ ಬಿಡ್ತೀನೇನ್ರಿ? ಗುಬ್ಬಿ ಗೂಡಿನ ತೂತಿಗೂ ಹೊಡಿತೀನಿ ನಾ. ಮೂವತ್ತು ವರ್ಷದಾಗ ಆ ಗೂಡು ಕಣ್ಣಿಗಿ ಬಿದ್ದದ್ದ ಅವತ್ತು."

"ಅಂದ್ರ ನೀ ಸುಣ್ಣಾ ಹೊಡಿಯೋವಾಗ ತೊಲಿ ಅಲ್ಲಿ ಇದ್ದಿದ್ದಿಲ್ಲ?"

"ಇಲ್ರಿ. ಕೆಳಗ ಮಲಗಿತ್ತು. ಮಗ್ಗಲಕ್ಕ."

ಏಣಿಯ ಮೆಟ್ಟಿಲು ಗಟ್ಟಿಯಾಗಿ ಹಿಡಿದುಕೊಂಡೆ. ಆಮೇಲೆ ತೊಲೆ ತಿರುಗಿ ಕೂಡಿಸಿದ್ದರೆ ಈ ಸುಣ್ಣ ಕೆರೆದುಹೋಗಿರುತ್ತಿತ್ತು. ಮಂಗಳವಾರವೇ ನೆಲದ ಮೇಲೆ ಮಲಗಿದ್ದ ತೊಲೆ ಗುರುವಾರ ಸಂಜೆ ಮಾಸ್ತರರ ಮೇಲೆ ಬೀಳಲು ಸಾಧ್ಯವಿಲ್ಲ. ಯಾರೋ ಅದನ್ನು ಅವರ ಮೇಲೆ ಇಟ್ಟಿದ್ದರು. ಇದಕ್ಕೆ ಸಾಕ್ಷಿ ಈ ಗೂಡಿನ ಸುಣ್ಣ ಒಂದೇ. ನಾಲ್ಕು ಗಂಟೆಯ ನಂತರ ಅದು ಮಣ್ಣಿನಲ್ಲಿ ಮಣ್ಣು. ಅದನ್ನು ಮಣ್ಣು ಮಾಡಲು ಆದೇಶ ಬರೆಸಿದ ಕೈ ನನ್ನದು.

ತೊಲೆಯನ್ನು ಯಾರು ಇಳಿಸಿದರು ಎಂದು ಆಗಲೇ ಕೇಳಬೇಕಿತ್ತು. ನಾನು ಕೇಳಿದ್ದು ಫೋನು. ಹನ್ನೊಂದು ವರ್ಷದ ನೌಕರಿ ಕಲಿಸಿದ್ದು ಅದನ್ನೇ: ಏನೇ ಕಂಡರೂ ಮೊದಲು ಮೇಲಿನವರಿಗೆ ತಿಳಿಸು.

"ನನ್ನ ಫೋನ್ ಕೊಡು. ಜೆಸಿಬಿ ನಿಲ್ಲಸ್ತೀನಿ."

"ಖರೇನ?"

"ಖರೇನ ಯವ್ವಾ."

ಫೋನು ಸರಳಿನ ನಡುವೆ ಬಂತು. ಬಸವಪ್ರಸಾದ ಸಾಹೇಬರ ನಂಬರು ಒತ್ತಿದೆ. ಅವರು ನನ್ನ ಮೇಲಿನ ಎಂಜಿನಿಯರ್. ಶುಕ್ರವಾರ ನನ್ನ ಪಕ್ಕದಲ್ಲಿ ನಿಂತು ವರದಿಯ ಒಂದೊಂದು ಸಾಲನ್ನೂ ಹೇಳಿ ಬರೆಸಿದವರು. ನಾನು ತಡವರಿಸಿದಾಗ, "ಬರಿಯಮ್ಮಾ, ಇನ್ನೊಬ್ರು ಸಾಯೂತನಕ ನೋಡ್ತೀ ಏನು?" ಅಂದವರು.

ಎರಡೇ ರಿಂಗಿಗೆ ಎತ್ತಿದರು.

"ಸರ್, ನನ್ನಿಂದ ತಪ್ಪಾಗ್ಯದ," ಎಂದೆ. ಗಾಜು, ಮೈದಾ ಅಂಟು, ಗೂಡಿನ ಸುಣ್ಣ, ಎಲ್ಲ ಹೇಳಿದೆ. ಬೀಗದ ವಿಷಯವನ್ನೂ ಹೇಳಿದೆ. ಹೇಳುತ್ತ ಹೇಳುತ್ತ ಅಳು ಬಂತು. ನೌಕರಿ ಹೋಗುತ್ತದೆಂದು ಅಲ್ಲ. ಹೇಳಿದೆನಲ್ಲ ಅನ್ನುವ ಸಮಾಧಾನಕ್ಕೆ.

ಆ ಕಡೆ ಗಾಡಿಯ ಸದ್ದು ಕೇಳಿಸುತ್ತಿತ್ತು.

"ಇದನ್ನ ಮತ್ಯಾರಿಗಿ ಹೇಳೀಯಮ್ಮಾ?"

"ಯಾರಿಗೂ ಇಲ್ಲ ಸರ್. ನಿಮಗ ಮೊದಲು."

"ಚಲೋ ಮಾಡಿದಿ. ಯಾರಿಗೂ ಫೋನ್ ಮಾಡಬ್ಯಾಡ. ನಾ ರಾಯಚೂರು ದಾಟಾಕತ್ತೀನಿ. ಬಂದೆ."

ಫೋನು ಇಟ್ಟೆ. ಎದೆಯ ಭಾರ ಇಳಿದಿತ್ತು. "ಸಾಹೇಬ್ರು ಬರಾಕತ್ತಾರ," ಎಂದೆ ತಿಮ್ಮವ್ವನಿಗೆ. "ಇನ್ನ ಹೇಳು. ತೊಲಿ ಯಾರು ಇಳಿಸಿದ್ರು?"

"ಮಾಸ್ತರ್‌ನ ಇಳಿಸಿದ್ರು. ತೊಲಿ ತುದಿಗಿ ಗೆದ್ದಲ ಹತ್ತಿತ್ತು. ಸರಕಾರದವ್ರು ನೋಡಿದ್ರ ಸಾಲಿ ಕೊಳತದ ಅಂತ ಬರೀತಾರ, ಅದಕ್ಕ ಮೊದಲ ಔಷಧ ಹಚ್ಚಿ ತಿರುಗಿ ಕೂಡಸೋಣು ಅಂದ್ರು. ಸೋಮಾರ ಇಬ್ಬರು ಹಮಾಲರು ಬಂದ್ರು. ಮಾಳಿಗಿ ಕೆಳಗ ನಾಕು ಕಂಬ ಆಸರ ಕೊಟ್ಟು, ಆಮ್ಯಾಲೆ ಹಗೂರಕ ತೊಲಿ ಇಳಿಸಿದ್ರು."

ನೆಲ ನೋಡಿದೆ. ಮಾಳಿಗೆಯ ಮಣ್ಣು ಬಿದ್ದ ಕಡೆ ಕಾಲಿನಿಂದ ಸರಿಸಿದೆ. ಸಾರಿಸಿದ ನೆಲದಲ್ಲಿ ದುಂಡನೆಯ ಗುಳಿ, ಬಟ್ಟಲಿನಷ್ಟು. ಇನ್ನೊಂದು. ಮತ್ತೊಂದು. ನಾಲ್ಕು. ಕಂಬ ಒಂದೂ ಇರಲಿಲ್ಲ. ಶುಕ್ರವಾರವೂ ಇರಲಿಲ್ಲ.

ಮಾಸ್ತರರು ಕೆಳಗಿದ್ದಾಗ ಯಾರೋ ಕಂಬ ಎಳೆದಿದ್ದರು. ಮಣ್ಣು ಬಿದ್ದ ಮೇಲೆ ಮಗ್ಗುಲಲ್ಲಿದ್ದ ತೊಲೆಯನ್ನು ಉರುಳಿಸಿ ಅವರ ಮೇಲೆ ತಂದಿದ್ದರು. ಕಂಬಗಳ ವಿಷಯ ತಿಳಿದವರೇ ಈ ಕೆಲಸ ಮಾಡಿರಬೇಕು.

"ಗುರುವಾರ ನೀ ಎಲ್ಲಿದ್ದಿ?"

"ಜಾಲಹಳ್ಳಿಗಿ ಹೋಗಿದ್ದೆ. ತಂಗಿ ಮಗಳು ಹಡದಿದ್ಲು. ಶನಿವಾರ ತಿರುಗಿ ಬಂದೆ. ತೊಲಿ ತಿರುಗಿ ಕೂಡಿಸಿದ ಮ್ಯಾಲೆ ಬಿದ್ದದ ಅಂತ ತಿಳಕೊಂಡೆ. ನಾ ಇದ್ದಿದ್ರ..."

"ಸೋಮವಾರ ಮತ್ಯಾರಿದ್ರು? ನೆನಪ ಮಾಡಿ ಹೇಳು."

"ಹಮಾಲರು ಇಬ್ರು. ಮಾಸ್ತರು. ಮತ್ತೊಬ್ಬ ಸಾಹೇಬ. 'ನನ್ನ ಹಳೇ ಹುಡುಗ, ಎಂಜಿನೇರ ಆಗ್ಯಾನ, ಗುಟ್ಟಿನಾಗ ನಮಗ ಸಹಾಯ ಮಾಡಾಕತ್ತಾನ' ಅಂದ್ರು ಮಾಸ್ತರು. ಹೆಸರು ಹೇಳಲಿಲ್ಲ. ತೊಲಿ ಇಳಿಸೋವಾಗ ಆ ಸಾಹೇಬಂದು ಹೆಬ್ಬಟ್ಟು ಸಿಕ್ಕಿತ್ರಿ. ಎಡಗೈದು. ಉಗುರು ಕಪ್ಪಾಗಿ ಕಣ್ಣಾಗ ನೀರು ಬಂತು ಆತಗ. ನಾನ ಅರಿಶಿಣ ಸುಣ್ಣಾ ಕಲಸಿ ಹಚ್ಚಿ ಬಟ್ಟಿ ಕಟ್ಟಿದೆ. ದವಾಖಾನಿ ಯಾಕ, ಹದಿನೈದು ದಿನದಾಗ ಮಾಯ್ತದ ಅಂದೆ."

ಅರಿಶಿಣ, ಸುಣ್ಣ. ಎರಡೂ ಕೂಡಿದರೆ ಕೆಂಪಾಗುತ್ತದೆ. ರಕ್ತದಷ್ಟೇ ಕೆಂಪು.

ಶುಕ್ರವಾರ ಬೆಳಿಗ್ಗೆ ನನ್ನ ವರದಿಯ ಹಾಳೆ ಗಾಳಿಗೆ ಹಾರದಂತೆ ಒಂದು ಕೈ ಒತ್ತಿ ಹಿಡಿದಿತ್ತು. ಎಡಗೈ. ಹೆಬ್ಬೆರಳಿಗೆ ಪಟ್ಟಿ. ಪಟ್ಟಿಯ ಅಂಚು ಕೆಂಪಾಗಿತ್ತು. ರಕ್ತ ಸೋರುತ್ತಿದೆ ಸರ್ ಅಂದಿದ್ದೆ. "ಕಾರಿನ ಬಾಗಿಲಾ ಸಿಕ್ತಮ್ಮಾ," ಅಂದಿದ್ದರು. ಹಾಳೆಯ ಮೇಲೆ ಉಳಿದ ಸಣ್ಣ ಕೆಂಪು ಕಲೆಯನ್ನು ನಾನೇ ಕರವಸ್ತ್ರದಿಂದ ಒರೆಸಿದ್ದೆ. ಈ ಶಾಲೆ ನೋಡುತ್ತಿರುವುದು ಇದೇ ಮೊದಲು ಅಂತಲೂ ಅವರು ಹೇಳಿದ್ದರು.

"ಎತ್ತರಾಗಿದ್ನೇನು? ಕನ್ನಡಕ?"

"ಹೂಂ. ಬಂಗಾರದ ಕಟ್ಟಿಂದು."

ನಾನು ಏನು ಮಾಡಿದೆ? ಕೊಂದವನಿಗೇ ಫೋನು ಮಾಡಿ, ಸಾಕ್ಷಿ ಎಲ್ಲಿದೆ ಎಂದು ವಿವರವಾಗಿ ಹೇಳಿ, ನಾನು ಬೀಗದೊಳಗೆ ಇದ್ದೇನೆ ಅಂತಲೂ ಹೇಳಿ, ಬರಲು ಕರೆದಿದ್ದೆ.

"ತಿಮ್ಮವ್ವ, ಬಾಗಿಲಾ ತೆಗಿ. ಈಗ ತೆಗಿ."

ನನ್ನ ಮುಖ ನೋಡಿ ಅವಳಿಗೂ ಏನೋ ತಿಳಿಯಿತು.

"ಬೀಗದ ಕೈ ಇಲ್ರಿ."

"ಎಲ್ಲದ?"

"ಬಾವಿಗಿ ಒಗದೀನಿ. ಚನ್ನವೀರಪ್ಪನ ಮಂದಿ ಬಂದು ಬಡದು ಕೇಳಿದ್ರ ನಾ ಕೊಟ್ಟುಬಿಡ್ತೀನಿ ಅಂತ ಅಂಜಿಕಿ ಆತು. ನನ್ನ ಮ್ಯಾಲೆ ನನಗ ಭರೋಸ ಇಲ್ರಿ."

ಬೈಯಬೇಕೆನಿಸಿತು. ತನ್ನ ಮೇಲೆ ತನಗೆ ಭರವಸೆ ಇಲ್ಲದವಳನ್ನು ಬೈಯಲು ನಾನು ಯಾರು?

ಮಾನ್ವಿ ಠಾಣೆಯ ಪಿಎಸ್‌ಐ ನಾಹಿದ್ ಮೇಡಂಗೆ ಫೋನು ಮಾಡಿದೆ. ರಿಂಗಾಗಿ ರಿಂಗಾಗಿ ಕಡಿಯಿತು. ಮತ್ತೆ ಮಾಡಿದೆ. ಅವರ ಜೊತೆ ಹೋಗಿದ್ದ ಪೇದೆಯೊಬ್ಬ ಎತ್ತಿದ. ಮೇಡಂ ರಾಯಚೂರಿನ ಕೋರ್ಟಿನಲ್ಲಿ ಸಾಕ್ಷಿ ಹೇಳುತ್ತಿದ್ದಾರೆ, ಫೋನು ಹೊರಗೆ ತನ್ನ ಕೈಯಲ್ಲಿದೆ, ಬಂದ ಕೂಡಲೇ ಹೇಳುತ್ತೇನೆ ಎಂದ. ಒಳಗೆ ಸಿಕ್ಕಿಕೊಂಡಿದ್ದೇನೆ, ನಾಲ್ಕಕ್ಕೆ ಕೆಡವುತ್ತಾರೆ, ಎಷ್ಟು ಹೊತ್ತು ಎಂದು ಕೇಳಿದೆ. "ಜಡ್ಜ್ ಸಾಹೇಬ್ರ ಕೈಯಾಗದರೀ," ಎಂದ.

ಮೂರು ಇಪ್ಪತ್ತೈದು.

ಚೀಲದಿಂದ ಕಾಗದ, ಪೆನ್ನು ಕೊಡಲು ಹೇಳಿದೆ. ಗೋಡೆಗೆ ಒತ್ತಿ ಬರೆದೆ. ಒರಟು ಕಲ್ಲಿನ ಮೇಲೆ ಅಕ್ಷರ ಸೊಟ್ಟಗಾದವು.

'ದಿನಾಂಕ ಹನ್ನೆರಡರಂದು ನಾನು ಸಲ್ಲಿಸಿದ ವರದಿ ತಪ್ಪು. ಗೋಡೆ ಸರಿದಿಲ್ಲ. ತೊಲೆ ಸಾವಿಗೆ ಮೂರು ದಿನ ಮೊದಲೇ ಇಳಿಸಿದ್ದು. ತೊಲೆಗೂಡಿನ ಒಳಗೆ ಹೊಡೆದ ಸುಣ್ಣ ನೋಡಿ. ಕಟ್ಟಡವನ್ನು ಮುಟ್ಟಬಾರದು. ನಾನು ಈ ಕೋಣೆಯ ಒಳಗೆ ಇದ್ದೇನೆ.'

ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದೆ. ಸಹಿ ಹಾಕಿದೆ. ಓದಿ ನೋಡಿದೆ. ಇನ್ನೊಮ್ಮೆ ಓದಿದೆ. ಈ ಸಲವಾದರೂ ತಪ್ಪಿರಬಾರದು.

"ಇದನ್ನ ಜೆಸಿಬಿ ಡ್ರೈವರ್ ಕೈಯಾಗ ಕೊಡು. ಬ್ಯಾರೆ ಯಾರ ಕೈಯಾಗೂ ಕೊಡಬ್ಯಾಡ. ಓದಾಕ ಬರದಿದ್ರ ಬಾಯಿಲೆ ಹೇಳು, ಒಳಗ ಹೆಣಮಗಳು ಅದಾಳ ಅಂತ."

ತಿಮ್ಮವ್ವ ಕಾಗದ ಮಡಿಚಿ ಕುಪ್ಪಸದೊಳಗೆ ಇಟ್ಟುಕೊಂಡಳು. ಎರಡು ಹೆಜ್ಜೆ ಹೋಗಿ ತಿರುಗಿ ಬಂದಳು.

"ಮೇಡಂರೀ, ನನ್ನ ಗಾಜಿನ ಮಾತೂ ಬರದೀರೇನು? ನಾನ ಮುರದೆ ಅಂತ?"

"ಬರದಿಲ್ಲ."

"ಬರೀರಿ. ಆಮ್ಯಾಲೆ ಬರೀರಿ," ಎಂದು ಗೇಟಿನ ಕಡೆ ಓಡಿದಳು. ಅರವತ್ತು ದಾಟಿದ ಕಾಲು, ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿದ್ದಳು.

ಆಮೇಲೆ ಕೋಣೆಯಲ್ಲಿ ನಾನು, ಗೋಡೆಗೆ ಬಳಿದ ಕರಿಹಲಗೆ, ಮಾಸ್ತರರ ಒಂಟಿ ಕುರ್ಚಿ. ಮುರಿದ ಮಾಳಿಗೆಯಲ್ಲಿ ಒಂದು ಗೇಣು ಆಕಾಶ. ಅಲ್ಲಿಂದ ಹತ್ತಿ ಹೋಗಬಹುದೇ ಎಂದು ಏಣಿ ಆ ಕಡೆ ತಂದು ಒಂದು ಜಂತಿಗೆ ಕೈ ಹಾಕಿದೆ. ತಲೆಯ ಮೇಲೆ ಒಂದು ಬುಟ್ಟಿ ಮಣ್ಣು ಸುರಿಯಿತು. ಕಂಬವಿಲ್ಲದ ಮಾಳಿಗೆ. ಇನ್ನೊಂದು ಸಲ ಮುಟ್ಟಿದರೆ ಜೆಸಿಬಿಯ ಕೆಲಸವನ್ನು ನಾನೇ ಮಾಡಿಕೊಳ್ಳುತ್ತಿದ್ದೆ.

ಫೋನಿನಲ್ಲಿ ಗೂಡಿನ ಫೋಟೋ ತೆಗೆದೆ. ನಾಹಿದ್ ಮೇಡಂಗೆ ಕಳಿಸಿದೆ. ವಾಟ್ಸಾಪ್‌ನ ಟಿಕ್ ನೀಲಿ ಆಗಲಿಲ್ಲ. ಅವರು ನೋಡಿಲ್ಲ.

ಮೂರು ಐವತ್ತಕ್ಕೆ ನೆಲ ಸಣ್ಣಗೆ ಅದುರಿತು. ಹಳದಿ ಯಂತ್ರ ಬೇವಿನ ಮರ ದಾಟಿ ಬರುತ್ತಿತ್ತು. ಹತ್ತು ನಿಮಿಷ ಮೊದಲೇ. ಕಿಟಕಿಗೆ ಮುಖ ಒತ್ತಿ ಕೂಗಿದೆ. ನನ್ನ ಕೂಗು ನನಗೇ ಕೇಳಲಿಲ್ಲ. ಡ್ರೈವರ್ ಕಿವಿಯಲ್ಲಿ ವೈರು ಸಿಕ್ಕಿಸಿಕೊಂಡಿದ್ದ.

ಯಂತ್ರದ ಹಿಂದೆ ಬಿಳಿ ಕಾರು ನಿಂತಿತು. ಬಸವಪ್ರಸಾದ ಸಾಹೇಬರು ಇಳಿದರು. ಅವಸರವಿರಲಿಲ್ಲ. ನೇರವಾಗಿ ಕಿಟಕಿಗೆ ಬಂದರು.

ಎಡಗೈ ಹೆಬ್ಬೆರಳಿಗೆ ಹೊಸ ಪಟ್ಟಿ. ಬಲಗೈಯಲ್ಲಿ ಮಡಿಚಿದ ಒಂದು ಹಾಳೆ. ನಾನು ಎಳೆದ ಎರಡು ಗೆರೆ ಹಿಂಬದಿಗೂ ಮೂಡಿದ್ದವು.

ಅವರ ಹಿಂದೆ ನೋಡಿದೆ. ಗೇಟಿನವರೆಗೂ ದಾರಿ ಬರಿದಾಗಿತ್ತು.

"ತಿಮ್ಮವ್ವ ಎಲ್ಲಿ ಸರ್?"

ಅವರು ನನ್ನನ್ನು ನೋಡಿದರು. ನಾನೂ ನೋಡಿದೆ. ಸರಳಿನ ಈಚೆ ಆಚೆ, ನಮ್ಮ ಮುಖಗಳ ನಡುವೆ ಒಂದು ಗೇಣು ಕೂಡ ಇರಲಿಲ್ಲ. ಕನ್ನಡಕದ ಹಿಂದೆ ಅವರ ಕಣ್ಣು ಒದ್ದೆಯಾಗಿತ್ತು. ಹಾಳೆಯನ್ನು ಇನ್ನೊಮ್ಮೆ ಮಡಿಚಿ ಜೇಬಿನಲ್ಲಿ ಇಟ್ಟುಕೊಂಡರು.

"ಮೊದಲ ನನಗ ಹೇಳಿದ್ದು ಚಲೋ ಆತಮ್ಮಾ," ಎಂದರು ಮೆಲ್ಲಗೆ.

ಕೈ ಚಾಚಿ ಕಿಟಕಿಯ ಕದಗಳನ್ನು ಹೊರಗಿನಿಂದ ಮುಚ್ಚಿದರು. ಮೊದಲು ಎಡದ್ದು. ಆಮೇಲೆ ಬಲದ್ದು. ಕೋಣೆ ಮಬ್ಬುಗತ್ತಲಾಯಿತು.

ಆಚೆಯಿಂದ ಅವರ ದನಿ, ಯಂತ್ರದ ಸದ್ದನ್ನೂ ಮೀರಿ, ಸ್ಪಷ್ಟವಾಗಿ ಕೇಳಿತು. ಶುಕ್ರವಾರ ನನಗೆ ವರದಿ ಹೇಳಿ ಬರೆಸಿದ ಅದೇ ದನಿ.

"ನಾನ ನೋಡೀನಿ. ಒಳಗ ಯಾರೂ ಇಲ್ಲ. ಕೆಡವಾಕ ಹಚ್ಚಪ್ಪಾ."